ಕಡಲಿಲ್ಲದ ನೇಪಾಳ ಮತ್ತು ಅಲ್ಲಿಯ ಕರ್ಣಾಟರು



ನೇಪಾಳವೆಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಎವರೆಸ್ಟ್ ಶಿಖರ, ಪಶುಪತಿನಾಥ, ಮತ್ತು ಬಾಲ್ಯದ ಬೀದಿಗಳಲ್ಲಿ ರಾತ್ರಿ ಸೀಟಿ ಊದುತ್ತ ಸುತ್ತುತ್ತಿದ್ದ ಗೂರ್ಖಾ. ವೃತ್ತಿಯಿಂದ ವೈದ್ಯರಾದ ನಮಗೆ ಮೊದಲು ನೆನಪಾಗುವುದು ಮಾತ್ರ ಉಪ್ಪು. ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಪಠ್ಯಪುಸ್ತಕದಲ್ಲಿ ಹಿಮಾಲಯದ ಗಳಗಂಡ ಪ್ರದೇಶದ ನಕ್ಷೆಯೊಂದಿತ್ತು. ಹಿಮನದಿಗಳೂ ಮಳೆಯೂ ಬೆಟ್ಟದ ಮಣ್ಣಿನಿಂದ ಅಯೋಡಿನನ್ನು ತೊಳೆದೊಯ್ದಿವೆ. ಕಡಲ ಮೀನು ಆ ಎತ್ತರಕ್ಕೆ ಬರುವಂತಿಲ್ಲ. ಜನ ಉಣ್ಣುತ್ತಿದ್ದ ಉಪ್ಪಾದರೋ ಟಿಬೆಟ್ಟಿನ ಸರೋವರಗಳದು. ಚಮರೀಮೃಗ ಮತ್ತು ಕುರಿಗಳ ಬೆನ್ನ ಮೇಲೆ ಕಣಿವೆಗಳಿಗಿಳಿದು, ಧಾನ್ಯಕ್ಕೆ ಬದಲಾಗುತ್ತಿತ್ತು. ಅದರಲ್ಲಿಯೂ ಅಯೋಡಿನ್ ಅತ್ಯಲ್ಪ. ಹೀಗಾಗಿ ಕೊರಳುಬ್ಬಿದ ತಾಯಂದಿರು, ಕಿವಿ ಕೇಳದ, ಬುದ್ಧಿ ಬೆಳೆಯದ ಮಕ್ಕಳು. ಎವರೆಸ್ಟ್ ಏರಿದ ಹಿಲರಿಯವರು 1966ರಲ್ಲಿ ಖುಂಡೆ ಎಂಬ ಶೆರ್ಪಾ ಗ್ರಾಮದಲ್ಲಿ ಪುಟ್ಟ ಆಸ್ಪತ್ರೆ ಕಟ್ಟಿಸಿದಾಗ, ಅಲ್ಲಿಯ ವೈದ್ಯರು ಮೊದಮೊದಲು ಕೈಗೆತ್ತಿಕೊಂಡ ಕೆಲಸಗಳಲ್ಲಿ ಅಯೋಡಿನ್ ಎಣ್ಣೆಯ ಚುಚ್ಚುಮದ್ದು ಒಂದು. 1973ರ ಸುಮಾರಿಗೆ ಭಾರತದ ನೆರವಿನಿಂದ ಅಯೋಡಿನ್ ಬೆರೆಸಿದ ಉಪ್ಪಿನ ಸರಬರಾಜು ಆರಂಭವಾಯಿತು. ಶಿಖರವೇರಿದ್ದಕ್ಕಿಂತ ಇದು ದೊಡ್ಡ ಸಾಹಸವೆಂಬುದು ನಮ್ಮ ಅಭಿಪ್ರಾಯ. ಇದರ ಛಾಯಾಚಿತ್ರ ಮಾತ್ರ ಯಾರ ಮನೆಯ ಗೋಡೆಯ ಮೇಲೂ ಇಲ್ಲ.

ಕಡಲಿಲ್ಲದ ನಾಡಿಗೆ ಎಲ್ಲವೂ ಹೊರಗಿನಿಂದಲೇ ಬರಬೇಕು. ಉಪ್ಪಷ್ಟೇ ಅಲ್ಲ, ಅರಸುಮನೆತನಗಳೂ ಅರ್ಚಕರೂ ಹಾಗೆ ಬಂದರು. ಇಲ್ಲಿ ನಮ್ಮ ಕನ್ನಡನಾಡಿನ ಹೆಸರು ಕೇಳಿಬರುತ್ತದೆ.

ನೇಪಾಳದ ದಕ್ಷಿಣದ ತರಾಯಿ ಬಯಲಿನಲ್ಲಿ, ಬಾರಾ ಜಿಲ್ಲೆಯಲ್ಲಿ, ಸಿಮ್ರೌನ್‌ಗಢವೆಂಬ ಪಾಳುಬಿದ್ದ ಕೋಟೆಯಿದೆ. 1097ರಲ್ಲಿ ನಾನ್ಯದೇವನೆಂಬವನು ಇಲ್ಲಿ ರಾಜಧಾನಿ ಮಾಡಿಕೊಂಡು ಮಿಥಿಲೆಯನ್ನಾಳತೊಡಗಿದನು. ಇವನ ವಂಶದ ಹೆಸರೇ ಕರ್ಣಾಟ ವಂಶ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಉತ್ತರದ ದಂಡಯಾತ್ರೆಗಳೊಡನೆ ಬಂದ ಸೈನಿಕ ಕುಲವೊಂದು ಅಲ್ಲಿಯೇ ನೆಲೆಸಿತೆಂದು ಇತಿಹಾಸಕಾರರು ಊಹಿಸುತ್ತಾರೆ. ನಾನ್ಯದೇವನು ಬರಿಯ ಯೋಧನಲ್ಲ. ಭರತನ ನಾಟ್ಯಶಾಸ್ತ್ರಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದ ಸಂಗೀತಜ್ಞ. ಅವನ ಮೊಮ್ಮಕ್ಕಳು ಮನೆಯಲ್ಲಿ ಯಾವ ಭಾಷೆಯನ್ನಾಡುತ್ತಿದ್ದರೋ! ನಮ್ಮ ಮನೆಗಳಲ್ಲಿ ಮೊಮ್ಮಕ್ಕಳು ಆಡುವುದನ್ನು ಕಂಡರೆ ಉತ್ತರವನ್ನು ಊಹಿಸಬಹುದು.

ಸುಮಾರು 1324ರಲ್ಲಿ ಘಿಯಾಸುದ್ದೀನ್ ತುಘಲಕನ ಸೇನೆ ಸಿಮ್ರೌನ್‌ಗಢವನ್ನು ನಾಶಮಾಡಿತು. ಕರ್ಣಾಟರ ಕೊನೆಯ ಅರಸ ಹರಿಸಿಂಹದೇವನು ಬೆಟ್ಟಗಳತ್ತ ಓಡಿದನು. ಅವನು ಕಠ್ಮಂಡು ಕಣಿವೆಯನ್ನು ಗೆದ್ದು ಕುಲದೇವತೆ ತಲೇಜುವನ್ನು ಪ್ರತಿಷ್ಠಾಪಿಸಿದನೆಂದು ನಂತರದ ವಂಶಾವಳಿಗಳು ಕೊಂಡಾಡುತ್ತವೆ. ವಾಸ್ತವ ಅಷ್ಟು ವೈಭವದ್ದಲ್ಲ. ಅವನು ದಾರಿಯಲ್ಲಿಯೇ ತೀರಿಕೊಂಡನು. ಕಣಿವೆ ತಲುಪಿದವಳು ಅವನ ಪತ್ನಿ ದೇವಲದೇವಿ, ಆಶ್ರಯ ಬೇಡಿ ಬಂದ ವಿಧವೆಯಾಗಿ. ಆದರೆ ಭಕ್ತಪುರದ ಅರಮನೆಯಲ್ಲಿ ಈಕೆ ಕ್ರಮೇಣ ಅಧಿಕಾರದ ಸೂತ್ರವನ್ನೇ ಹಿಡಿದಳು. ಆಕೆಯ ಮೊಮ್ಮಗಳು ರಾಜಲ್ಲದೇವಿಯನ್ನು ವರಿಸಿದವನು ಜಯಸ್ಥಿತಿ ಮಲ್ಲ. ಅವನ ಸಂತತಿಯ ಮಲ್ಲ ಅರಸರೇ ಇಂದು ಪ್ರವಾಸಿಗರು ಬೆರಗಾಗಿ ನೋಡುವ ಕಠ್ಮಂಡು, ಪಾಟನ್, ಭಕ್ತಪುರಗಳ ಅರಮನೆ ಚೌಕಗಳನ್ನು ಕಟ್ಟಿಸಿದರು. ಭಕ್ತಪುರದಲ್ಲಿ 1702ರಲ್ಲಿ ಭೂಪತೀಂದ್ರ ಮಲ್ಲನು ನಿಲ್ಲಿಸಿದ ಐದಂತಸ್ತಿನ ನ್ಯಾತಪೋಲ ಗುಡಿ 1934 ಮತ್ತು 2015ರ ಭೂಕಂಪಗಳೆರಡನ್ನೂ ತಾಳಿಕೊಂಡು ನಿಂತಿದೆ. ಸುಮಾರು 9,000 ಜನರನ್ನು ಬಲಿತೆಗೆದುಕೊಂಡ 2015ರ ಕಂಪನದಲ್ಲಿ ಕುಸಿದದ್ದು ಕಠ್ಮಂಡುವಿಗೆ ಹೆಸರು ಕೊಟ್ಟ ಕಾಷ್ಠಮಂಡಪ; ಅದನ್ನು ಮರದಲ್ಲಿಯೇ ಪುನಃ ಕಟ್ಟಿದ್ದಾರೆ.

ಮುಂದಿನ ರಾಜಕೀಯ ಚರಿತ್ರೆಯನ್ನು ಚುಟುಕಾಗಿ ಹೇಳುತ್ತೇವೆ. ಗೂರ್ಖಾ ಅರಸ ಪೃಥ್ವಿನಾರಾಯಣ ಶಾಹನು 1768ರಲ್ಲಿ, ಇಂದ್ರಜಾತ್ರೆಯ ದಿನ, ಕಠ್ಮಂಡುವನ್ನು ವಶಪಡಿಸಿಕೊಂಡನು. 1846ರಿಂದ 1951ರವರೆಗೆ ರಾಣಾ ಮಂತ್ರಿಮನೆತನ ಅರಸರನ್ನು ಗೊಂಬೆಗಳಂತೆ ಕುಣಿಸಿತು. 2001ರ ಜೂನ್ 1ರಂದು ರಾಜ ಬೀರೇಂದ್ರರ ಕುಟುಂಬ ಅರಮನೆಯಲ್ಲಿಯೇ ಹತವಾಯಿತು. 2008ರ ಮೇ 28ರಂದು ನೇಪಾಳ ಗಣರಾಜ್ಯವಾಯಿತು.

ಈ ಬದಲಾವಣೆಯ ಬಿಸಿ ಪಶುಪತಿನಾಥನ ಗರ್ಭಗುಡಿಗೂ ತಟ್ಟಿತು. ಅಲ್ಲಿಯ ಚತುರ್ಮುಖ ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ‘ಭಟ್ಟ’ರೆನಿಸಿಕೊಳ್ಳುವ ದಕ್ಷಿಣ ಭಾರತದ ಅರ್ಚಕರಿಗೆ ಮಾತ್ರ, ಇತ್ತೀಚಿನ ತಲೆಮಾರುಗಳಲ್ಲಿ ಅವರು ಬಹುಪಾಲು ಕರ್ನಾಟಕದವರು. ಶಂಕರಾಚಾರ್ಯರು ಹಾಕಿಕೊಟ್ಟ ಪದ್ಧತಿಯಿದೆಂಬುದು ಸಂಪ್ರದಾಯದ ನಂಬಿಕೆ. ಇದಕ್ಕೆ ಕೊಡುವ ಕಾರಣವೊಂದು ಸ್ವಾರಸ್ಯವಾಗಿದೆ: ಅರಸ ಸತ್ತರೆ ಪ್ರಜೆಗಳಿಗೆಲ್ಲ ಸೂತಕ; ಪರದೇಶದವನಿಗೆ ಸೂತಕವಿಲ್ಲವಾದ್ದರಿಂದ ಪೂಜೆ ನಿಲ್ಲುವುದಿಲ್ಲ. ಅಂದರೆ ಪರಕೀಯನೆಂಬುದೇ ಅವನ ಅರ್ಹತೆ! ಅರಸೊತ್ತಿಗೆ ಅಳಿದ ಮೇಲೆ ಈ ತರ್ಕ ತಲೆಕೆಳಗಾಯಿತು. 2008ರ ಕೊನೆಯಲ್ಲಿ ಅಂದಿನ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಿತು. ಪ್ರತಿಭಟನೆಯಾಗಿ, ವಿಷಯ ನ್ಯಾಯಾಲಯಕ್ಕೆ ಹೋಗಿ, ಹಳೆಯ ಪದ್ಧತಿಯೇ ಮರಳಿತು. 2009ರ ಸೆಪ್ಟೆಂಬರಿನಲ್ಲಿ ಕರ್ನಾಟಕದಿಂದ ಹೊಸದಾಗಿ ಬಂದ ಇಬ್ಬರು ಭಟ್ಟರ ಮೇಲೆ ಕೆಲವರು ಕೈಮಾಡಿದರು. ಆ ಸುದ್ದಿಯನ್ನು ಓದಿದ ದಿನ ನಮಗೆ ರೋಷ ಬಂದದ್ದು ನಿಜ. ಆದರೆ ತಮ್ಮ ದೇವರನ್ನು ತಾವು ಮುಟ್ಟಬಾರದೇಕೆ ಎಂಬ ನೇಪಾಳಿಗಳ ಪ್ರಶ್ನೆಯೂ ಅನ್ಯಾಯದ್ದೆಂದು ನಮಗೆ ಅನ್ನಿಸಲಿಲ್ಲ. ವಲಸೆ ಬಂದು ಅನ್ಯರ ನಾಡಿನಲ್ಲಿ ನಾಡಿ ಹಿಡಿದು ಬದುಕುವ ನಾವು ಆ ಜಗಳದ ಎರಡೂ ಕಡೆ ನಿಂತು ನೋಡಬಲ್ಲೆವು.

ಯಾತ್ರೆಗೆ ಹೊರಡುವವರಿಗೆ ಎರಡು ಮಾತು. ಅಕ್ಟೋಬರ್, ನವೆಂಬರ್‌ಗಳಲ್ಲಿ ಆಕಾಶ ತಿಳಿಯಾಗಿ ಶಿಖರಗಳು ಕಾಣುತ್ತವೆ. ಲುಂಬಿನಿಯನ್ನು ಬಿಡಬೇಡಿ. ಬುದ್ಧನು ಹುಟ್ಟಿದ ಆ ಊರಿನ ಕಂದಾಯವನ್ನು ಇಳಿಸಿದೆನೆಂದು ಕೊರೆಸಿದ ಕಂಬದಲ್ಲಿ ಅಶೋಕನ ಹೆಸರಿಲ್ಲ, ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದಷ್ಟೇ ಇದೆ. ಆ ಬಿರುದಿನವನು ಅಶೋಕನೇ ಎಂಬುದನ್ನು ದೃಢಪಡಿಸಿದ್ದು 1915ರಲ್ಲಿ ನಮ್ಮ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ದೊರೆತ ಶಾಸನ. ಪಶುಪತಿಯ ಮುಖ್ಯ ಗುಡಿಯೊಳಕ್ಕೆ ಹಿಂದೂಗಳಲ್ಲದವರಿಗೆ ಪ್ರವೇಶವಿಲ್ಲ. ಅಂಥ ಅಳಿಯ, ಸೊಸೆಯರಿದ್ದರೆ ಅವರು ಬಾಗ್ಮತಿಯ ಆಚೆ ದಡದಿಂದ ನೋಡಬೇಕಾಗುತ್ತದೆ. ಇನ್ನು ಭಾರತೀಯ ಪ್ರಜೆಗಳಿಗೆ ನೇಪಾಳಕ್ಕೆ ವೀಸಾ ಬೇಡ. ಪೌರತ್ವ ಬದಲಿಸಿಕೊಂಡ ನಮ್ಮಂಥವರು ಕಠ್ಮಂಡುವಿನ ವಿಮಾನ ನಿಲ್ದಾಣದಲ್ಲಿ ವಿದೇಶಿಯರ ಸಾಲಿನಲ್ಲಿ ನಿಂತು, ಶುಲ್ಕ ತೆತ್ತು ಒಳಹೋಗಬೇಕು.