ಎಳ್ಳಮಾವಾಸ್ಯೆಯ ಬುತ್ತಿ ಮತ್ತು ದಾಸೋಹದ ಪಂಕ್ತಿ

ಮಾರ್ಗಶಿರ ಮಾಸದ ಅಮಾವಾಸ್ಯೆಯು ಬೀದರ, ಕಲಬುರಗಿ, ವಿಜಯಪುರ, ರಾಯಚೂರು ಸೀಮೆಗಳಲ್ಲಿ ಎಳ್ಳಮಾವಾಸ್ಯೆಯೆಂದು ಪ್ರಸಿದ್ಧವಾಗಿದೆ. ಹಿಂಗಾರಿ ಜೋಳ ಎದೆಯೆತ್ತರಕ್ಕೆ ನಿಂತು, ಕಡಲೆ ಕಾಯಿಗಟ್ಟುವ ಕಾಲವದು. ಅಂದು ಒಕ್ಕಲಿನ ಮನೆಗಳಲ್ಲಿ ಸಜ್ಜೆಯ ಕಡುಬು, ಎಳ್ಳು ಹಚ್ಚಿದ ರೊಟ್ಟಿ, ಶೇಂಗಾದ ಹೋಳಿಗೆ, ಭಜ್ಜಿಪಲ್ಯ, ಅಂಬಲಿಗಳು ಸಿದ್ಧವಾಗುತ್ತವೆ. ಬುತ್ತಿಯನ್ನು ಬಂಡಿಯಲ್ಲಿಟ್ಟುಕೊಂಡು ಬಂಧುಬಳಗವೆಲ್ಲ ಹೊಲಕ್ಕೆ ಸಾಗುವುದು ವಾಡಿಕೆ.

ಈ ಊಟದಲ್ಲಿ ಒಂದು ಕ್ರಮವುಂಟು. ಪೈರು ಹೊತ್ತ ಭೂಮಿ ಬಸುರಿ ಹೆಣ್ಣೆಂಬುದು ಜನಪದರ ಭಾವನೆ. ಆದುದರಿಂದ ಮೊದಲ ತುತ್ತು ಅವಳಿಗೆ. ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಅನಂತರ ಅತಿಥಿಗಳು, ಕಡೆಗೆ ಮನೆಯವರು. ಹೊಲವಿಲ್ಲದ ನೆರೆಯವರನ್ನೂ ಸ್ನೇಹಿತರನ್ನೂ ಕರೆದೊಯ್ದು ಉಣಿಸುವುದು ಈ ಹಬ್ಬದ ಮುಖ್ಯ ಲಕ್ಷಣ.

ಈ ಔದಾರ್ಯದ ಹಿಂದೆ ನೆಲದ ಅನುಭವವಿದೆ. ಈ ಸೀಮೆ ಮಳೆಯನ್ನೇ ನಂಬಿದುದು. 1791-92ರ ಬರವನ್ನು ಜನರು ಡೋಗಿಬರವೆಂದು ಕರೆದರು. ಸತ್ತವರ ತಲೆಬುರುಡೆಗಳು ನೆಲದ ಮೇಲೆ ಬಿದ್ದಿದ್ದವೆಂಬ ನೆನಪು ಆ ಹೆಸರಿನಲ್ಲಿದೆ. 1876-78ರ ಬರವೂ ಇಲ್ಲಿ ಹಾಹಾಕಾರವೆಬ್ಬಿಸಿತು. ಕಾಳನ್ನು ಹಗೇವಿನಲ್ಲಿ ಹುದುಗಿಸಿಟ್ಟು ಕಾಯುವುದು ಒಂದು ರಕ್ಷಣೆಯಾದರೆ, ಬೆಳೆ ಬಂದ ವರ್ಷ ನೆರೆಯವರೊಡನೆ ಹಂಚಿ ಉಣ್ಣುವುದು ಇನ್ನೊಂದು ರಕ್ಷಣೆ.

ಆದರೆ ಹಂಚುವುದೊಂದೇ ಸಮತೆಯಲ್ಲ. ಅದೇ ಹೊಲದಲ್ಲಿ ದುಡಿದವನಿಗೆ ಜಾತಿಯ ಕಾರಣದಿಂದ ದೂರದಲ್ಲಿ ಎಡೆಯಿಕ್ಕಿದ ಕಾಲವೂ ಇತ್ತು. ಅಲ್ಲಿ ಅನ್ನ ದೊರೆಯಿತು, ಪಂಕ್ತಿ ದೊರೆಯಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಇದೇ ಸೀಮೆಯ ಕಲ್ಯಾಣದಲ್ಲಿ ಶರಣರು ಎತ್ತಿದ ಪ್ರಶ್ನೆ ಈ ಪಂಕ್ತಿಯದೇ. ದಾಸೋಹವು ದಾನವಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ. ದಾಸೋಹದಲ್ಲಿ ನೀಡುವವನೇ ದಾಸ. ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಮೊದಲಾದವರು ಶರಣಸಂಕುಲದಲ್ಲಿ ಹಿರಿಯರೆನಿಸಿದುದು ಈ ನಿಲುವಿನಿಂದ.

ದಾಸೋಹಕ್ಕೆ ಸಿರಿತನ ಬೇಕಿಲ್ಲವೆಂಬುದಕ್ಕೆ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮ ದಂಪತಿಗಳ ಕಥೆ ಸಾಕ್ಷಿ. ಅವರು ರಾಯಚೂರು ಸೀಮೆಯ ಅಮರೇಶ್ವರದಿಂದ ಬಂದವರು. ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಇದು ಆಸೆಯೆಂದು ಲಕ್ಕಮ್ಮ ಅದನ್ನು ಮರಳಿ ಸುರಿದು ಬರಲು ಕಳುಹಿಸಿದಳು. ಕಾಯಕದಿಂದ ಬಂದುದಷ್ಟೇ ಎಡೆಗೆ ಸಲ್ಲತಕ್ಕುದು ಎಂಬುದು ಅವಳ ನಿಷ್ಠೆ.

ಹೊಲದ ಬುತ್ತಿಗೂ ಮಠದ ಪಂಕ್ತಿಗೂ ನಂಟು ಇಂದಿಗೂ ಕಾಣಬರುತ್ತದೆ. ಎಳ್ಳಮಾವಾಸ್ಯೆಯ ಮರುದಿನ ಪುಷ್ಯಮಾಸ ಮೊದಲಾಗುತ್ತದೆ. ಆ ಮಾಸದಲ್ಲಿ ನಡೆಯುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಣ ಹಳ್ಳಿಗಳ ತಾಯಂದಿರು ಜೋಳದ ರೊಟ್ಟಿ ಬಡಿದು ಕಳುಹಿಸುತ್ತಾರೆ. ಬಂಡಿಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ ಬಂದ ರೊಟ್ಟಿ ಮಹಾದಾಸೋಹವನ್ನು ಸೇರುತ್ತದೆ. ಅಲ್ಲಿ ಯಾರ ಮನೆಯ ರೊಟ್ಟಿ ಯಾರ ಎಡೆಗೆ ಬಂತೆಂದು ತಿಳಿಯುವುದಿಲ್ಲ. ನೀಡಿದವರ ಹೆಸರೂ ಉಂಡವರ ಕುಲವೂ ಅಳಿದಲ್ಲಿ ಉಳಿಯುವುದು ಪ್ರಸಾದವೊಂದೇ. ಹಬ್ಬದ ದಿನ ನೆರೆಯವರನ್ನು ಕರೆಯುವ ಪ್ರತಿಯೊಂದು ಮನೆಯೂ ತನ್ನ ಪಂಕ್ತಿ ಎಲ್ಲಿಗೆ ನಿಂತಿದೆಯೆಂದು ನೋಡಿಕೊಂಡರೆ, ಆ ಊಟ ದಾಸೋಹವಾದೀತು.