ಎಡೆದೊರೆ ನಾಡಿನ ಬೂದಿ: ಮಸ್ಕಿ, ಲಿಂಗಸುಗೂರು, ಸಿಂಧನೂರು ಸೀಮೆಯಲ್ಲಿ ಕ್ಷಾರ ಮತ್ತು ಸಿಲಿಕದ ಚರಿತ್ರೆ

1. ಪೀಠಿಕೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಿನ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ಎಂದವು. ಈಚಿನವರು ಅದನ್ನೇ ರಾಯಚೂರು ದೋಆಬ್ ಎಂದರು. ಮಸ್ಕಿ, ಲಿಂಗಸುಗೂರು, ಸಿಂಧನೂರು ಮೂರೂ ಇದರ ಒಡಲಲ್ಲಿವೆ. ಇಲ್ಲಿಂದ ಕಡಲು ಬಹಳ ದೂರ. ಆದರೂ ಕಡಲಪಾಚಿಯ ಬೂದಿಯಿಂದ ಸೋಡಾ, ಅಯೋಡಿನ್ ತೆಗೆದ ಯುರೋಪಿನ ಕಥೆಯ ಪಕ್ಕದಲ್ಲಿ ಇಟ್ಟು ನೋಡಬಹುದಾದ ಬೂದಿಯ ಚರಿತ್ರೆಯೊಂದು ಈ ಸೀಮೆಗಿದೆ. ನವಶಿಲಾಯುಗದ ದನಗಾಹಿಗಳು ಬಿಟ್ಟುಹೋದ ಬೂದಿದಿಬ್ಬಗಳಿಂದ ಹೊರಡುವ ಆ ಚರಿತ್ರೆ ಇಂದು ಅಕ್ಕಿ ಗಿರಣಿಗಳ ಹಿತ್ತಲಿಗೆ ಬಂದು ನಿಂತಿದೆ.

ಗಿಡವೊಂದು ತಾನು ಬೆಳೆದ ನೀರು ನೆಲದಿಂದ ಹೀರಿಕೊಂಡ ಖನಿಜಗಳೇ ಅದರ ಬೂದಿಯಲ್ಲಿ ಉಳಿಯುತ್ತವೆ. ಎಡೆದೊರೆಯ ಬೂದಿ ಮುಖ್ಯವಾಗಿ ಹುಲ್ಲಿನ ಬೂದಿ. ದನ ಮೇದ ಹುಲ್ಲು, ಸಿರಿಧಾನ್ಯದ ಸೊಪ್ಪೆ, ಭತ್ತದ ಹೊಟ್ಟು ಎಲ್ಲವೂ ಹುಲ್ಲಿನ ಕುಲದವೇ. ಹೀಗಾಗಿ ಇಲ್ಲಿಯ ಬೂದಿ ಕೊಟ್ಟದ್ದು ಸಿಲಿಕ ಮತ್ತು ಪೊಟ್ಯಾಶ್. ಸೋಡಾ ಬೇಕಾದಾಗ ಜನ ಬೂದಿಯನ್ನು ಬಿಟ್ಟು ಮಣ್ಣಿಗೆ ಕೈಹಾಕಿದರು. ಈ ಎರಡು ದಾರಿಗಳನ್ನು ಬೇರೆಬೇರೆಯಾಗಿ ಗುರುತಿಸಿಕೊಂಡರೆ ಈ ಸೀಮೆಯ ಬೂದಿದಿಬ್ಬ, ಗಾಜಿನ ಮಣಿ, ಹೊಟ್ಟಿನ ಬೂದಿ ಮೂರರ ನಂಟು ತಿಳಿಯುತ್ತದೆ ಎಂಬುದು ಈ ಲೇಖನದ ವಾದ.

2. ಹೋಲಿಕೆಗೆ ಕಡಲ ಬೂದಿ

ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲೂ ಫ್ರಾನ್ಸಿನ ನಾರ್ಮಂಡಿ, ಬ್ರಿಟನಿ ಕರಾವಳಿಗಳಲ್ಲೂ ಕಡಲಪಾಚಿಯನ್ನು ಒಣಗಿಸಿ, ಕುಣಿಗಳಲ್ಲಿ ಸುಟ್ಟು ಬೂದಿ ಮಾಡುವುದು ದೊಡ್ಡ ಕಸುಬಾಗಿತ್ತು. ಗಾಜು ಮತ್ತು ಸಾಬೂನು ಮಾಡುವವರಿಗೆ ಅದರಲ್ಲಿದ್ದ ಸೋಡಾ ಬೇಕಿತ್ತು. ಒಂದು ಟನ್ ಬೂದಿಗೆ ಸುಮಾರು 20 ಟನ್ ಹಸಿ ಪಾಚಿ ಬೇಕು. ಅಡುಗೆ ಉಪ್ಪಿನಿಂದಲೇ ಸೋಡಾ ತಯಾರಿಸುವ ವಿಧಾನಕ್ಕೆ ನಿಕೊಲಾ ಲೆಬ್ಲಾಂ 1791ರಲ್ಲಿ ಹಕ್ಕುಪತ್ರ ಪಡೆದ. ಆ ವಿಧಾನ ಹರಡಿದಂತೆ ಪಾಚಿಯ ಸೋಡಾಕ್ಕೆ ಬೇಡಿಕೆ ಇಳಿಯಿತು.

ಆದರೆ ಬೂದಿಯಲ್ಲಿ ಇನ್ನೂ ಒಂದು ವಸ್ತು ಅಡಗಿತ್ತು. ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಮದ್ದುಗುಂಡಿಗಾಗಿ ಪೆಟ್ಲುಪ್ಪು ತಯಾರಿಸುತ್ತಿದ್ದ ಬೆರ್ನಾರ್ ಕೂರ್ತ್ವಾ, ಕಟ್ಟಿಗೆಯ ಬೂದಿ ಸಾಲದೆ ಪಾಚಿಯ ಬೂದಿಯನ್ನು ಬಳಸಿದ. 1811ರಲ್ಲಿ ಅದರ ತಿಳಿನೀರಿಗೆ ಗಂಧಕಾಮ್ಲ ಹೆಚ್ಚಾಗಿ ಬಿದ್ದಾಗ ನೇರಳೆ ಬಣ್ಣದ ಆವಿ ಎದ್ದು, ತಣ್ಣನೆಯ ಪಾತ್ರೆಯ ಮೇಲೆ ಕಪ್ಪು ಹರಳಾಗಿ ಕೂತಿತು. ಅಯೋಡಿನ್ ಸಿಕ್ಕಿದ್ದು ಹೀಗೆ. ಪಾಚಿ ಕಡಲ ನೀರಿನಿಂದ ಅಯೋಡಿನ್ನನ್ನು ಹೀರಿ ತನ್ನಲ್ಲಿ ಕೂಡಿಡುವುದರಿಂದ ಅದು ಬೂದಿಗೂ ಬಂದಿತ್ತು. ಒಳನಾಡಿನ ಹುಲ್ಲು ಹೀಗೆ ಕೂಡಿಡುವುದು ಸಿಲಿಕವನ್ನು. ಭತ್ತದ ಗರಿ ಸವರಿದಾಗ ಬೆರಳು ಕೊಯ್ಯುವುದು ಆ ಸಿಲಿಕದಿಂದಲೇ.

3. ಬೂದಿದಿಬ್ಬಗಳು: ಒಂದು ಶತಮಾನದ ವಾದ

ರಾಯಚೂರು, ಬಳ್ಳಾರಿ, ಸುರಪುರ ಭಾಗಗಳಲ್ಲಿ ಹಲವೆಡೆ ದೊಡ್ಡ ಬೂದಿದಿಬ್ಬಗಳಿವೆ. ಲಿಂಗಸುಗೂರು ತಾಲೂಕಿನ ಗೌಡೂರಿನ ದಿಬ್ಬ ಈ ಸಾಲಿಗೆ ಸೇರಿದ್ದು. ಕೆಲವು ದಿಬ್ಬಗಳಲ್ಲಿ ಬೂದಿ ಹಿಟ್ಟಿನಂತೆ ನುಣ್ಣಗಿದೆ. ಕೆಲವುಗಳಲ್ಲಿ ಕರಗಿ ಹೆಪ್ಪುಗಟ್ಟಿ, ತೂತುತೂತಾದ ಗಾಜಿನಂಥ ಗಟ್ಟಿಯಾಗಿದೆ. ಬಹುಕಾಲ ವಿದ್ವಾಂಸರನ್ನು ದಾರಿ ತಪ್ಪಿಸಿದ್ದು ಈ ಗಟ್ಟಿಯೇ.

ಜನರು ಇದಕ್ಕೆ ಪುರಾಣದಲ್ಲಿ ಉತ್ತರ ಕಂಡುಕೊಂಡಿದ್ದರು. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬ ವಾಲಿಯನ್ನು ದಹಿಸಿದ ಬೂದಿ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಮದರಾಸು ಸೈನ್ಯದ ಅಧಿಕಾರಿ ಟಿ. ಜೆ. ನ್ಯೂಬೋಲ್ಡ್ 1843ರಲ್ಲಿ ಈ ದಿಬ್ಬಗಳ ಬಗ್ಗೆ ಲೇಖನ ಪ್ರಕಟಿಸಿದ. 1899ರಲ್ಲಿ ರಾಬರ್ಟ್ ಸಿವೆಲ್ ಇವುಗಳನ್ನು ವಿಜಯನಗರ ಕಾಲದ ಸಾಮೂಹಿಕ ಸತಿದಹನಕ್ಕೆ ಜೋಡಿಸಿದ. ಲೋಹ ಕರಗಿಸಿದಾಗ ಉಳಿದ ಕಿಟ್ಟವಿರಬೇಕು ಎಂದವರೂ ಇದ್ದರು. ಹಟ್ಟಿಯ ಚಿನ್ನದ ಹಳೆಯ ಗಣಿಗಳು ಇದೇ ಸೀಮೆಯಲ್ಲಿರುವಾಗ ಆ ಊಹೆ ಸಹಜವೇ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಮಾತ್ರ ಬೇರೆ ದಿಕ್ಕಿನಲ್ಲಿ ಯೋಚಿಸಿದ. ಇವು ದನದ ದೊಡ್ಡಿಗಳಲ್ಲಿ ಕೂಡಿಬಿದ್ದ ಸಗಣಿ ಸುಟ್ಟು ಆದವು ಎಂಬುದು ಅವನ ಅಭಿಪ್ರಾಯ.

ಫೂಟ್‌ನ ಮಾತಿಗೆ ಗಟ್ಟಿ ಆಧಾರ ದೊರೆತದ್ದು 1950ರ ದಶಕದಲ್ಲಿ. ಎಫ್. ಆರ್. ಆಲ್ಚಿನ್ ಲಿಂಗಸುಗೂರು ತಾಲೂಕಿನ ಪಿಕ್ಲಿಹಾಳದಲ್ಲಿ ಅಗೆದರು. ಅದರ ವರದಿ 1960ರಲ್ಲಿ ಪುಸ್ತಕವಾಗಿ ಬಂತು. ಅಲ್ಲಿನ ಕಲ್ಲುಗುಡ್ಡಗಳ ನಡುವೆ ನವಶಿಲಾಯುಗದ ಜನ ನೆಲೆಸಿದ್ದ ಕುರುಹುಗಳಿವೆ, ಬಂಡೆಗಳ ಮೇಲೆ ಗೂಳಿ ಎತ್ತುಗಳ ಚಿತ್ರಗಳಿವೆ. 1957ರಲ್ಲಿ ಅವರು ಇಂದು ತೆಲಂಗಾಣಕ್ಕೆ ಸೇರಿರುವ ಉಟ್ನೂರಿನ ಬೂದಿದಿಬ್ಬವನ್ನು ಸೀಳಿದಾಗ ಬೇಲಿಗೆ ನೆಟ್ಟ ಗೂಟಗಳ ಕುಳಿಗಳು ಸಿಕ್ಕವು. ಬೂದಿಯ ಪದರಗಳ ನಡುವೆ ದನದ ಗೊರಸಿನ ಗುರುತುಗಳೂ ಸಿಕ್ಕವು. ಗೊರಸು ಮೂಡಿದ ಜಾಗ ಕುಲುಮೆಯಾಗಿರಲಾರದು, ಚಿತೆಯೂ ಆಗಿರಲಾರದು. ಅದು ದೊಡ್ಡಿಯೇ. ದೊಡ್ಡಿಯಲ್ಲಿ ಸಗಣಿ ಸೇರುವುದು, ಅದಕ್ಕೆ ಬೆಂಕಿ ಹಾಕುವುದು, ದನ ಮತ್ತೆ ಅಲ್ಲಿಗೇ ಬರುವುದು, ಹೀಗೆ ಪದರದ ಮೇಲೆ ಪದರ ಏರಿದೆ.

4. ಹುಲ್ಲು ಗಾಜಾದ ಬಗೆ

ಆದರೆ ಸಗಣಿಯ ಬೆಂಕಿಯಲ್ಲಿ ಗಾಜಿನಂಥ ಗಟ್ಟಿ ಹೇಗಾಯಿತು? ಇದಕ್ಕೆ ರಸಾಯನದಲ್ಲಿ ಉತ್ತರ ಹುಡುಕಿದವರು ಎಫ್. ಇ. ಝ್ಯೂನರ್. ಬೂದಿಯಲ್ಲಿರುವ ಸಿಲಿಕ ಹುಲ್ಲಿನ ಜೀವಕೋಶಗಳಲ್ಲಿ ಕೂಡಿದ್ದ ಸಿಲಿಕ ಎಂದು ಅವರು ತೋರಿಸಿದರು. ದನ ಹುಲ್ಲನ್ನು ಜೀರ್ಣಿಸಿಕೊಂಡರೂ ಈ ಸಿಲಿಕ ಸಗಣಿಯಲ್ಲಿ ಹಾಗೇ ಉಳಿಯುತ್ತದೆ. ಸಗಣಿ ಉರಿದರೂ ಬೂದಿಯಲ್ಲಿ ಉಳಿಯುತ್ತದೆ.

ಬರೀ ಸಿಲಿಕ ಕರಗಲು ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ದೊಡ್ಡಿಯ ಬೆಂಕಿ ಅಷ್ಟು ಏರುವುದಿಲ್ಲ. ಆದರೆ ಬೂದಿಯಲ್ಲಿರುವ ಪೊಟ್ಯಾಶ್ ಸಿಲಿಕದ ಜೊತೆ ಕೂಡಿದರೆ ಕರಗುವ ಕಾವು ಬಹಳ ಇಳಿಯುತ್ತದೆ. ಯುರೋಪಿನ ಗಾಜಿನ ಕುಲುಮೆಯವನು ಮರಳಿಗೆ ಪಾಚಿಯ ಬೂದಿ ಬೆರೆಸುತ್ತಿದ್ದುದೂ ಇದೇ ಕಾರಣಕ್ಕೆ. ಅವನು ಮರಳನ್ನೂ ಕ್ಷಾರವನ್ನೂ ಬೇರೆಬೇರೆ ತಂದು ಸೇರಿಸಬೇಕಿತ್ತು. ಹುಲ್ಲಿನ ಬೂದಿಯಲ್ಲಿ ಎರಡೂ ಮೊದಲೇ ಸೇರಿಕೊಂಡಿವೆ. ಒಳಗೆ ಕಾವು ಕೂಡಿದಲ್ಲಿ ಬೂದಿ ಕರಗಿ ಗಟ್ಟಿಯಾಯಿತು. ಕಾವು ಕಡಿಮೆ ಇದ್ದಲ್ಲಿ ಹಿಟ್ಟಾಗಿಯೇ ಉಳಿಯಿತು. ಹಾಗಾಗಿ ಹಿಟ್ಟು ಬೂದಿ ಮತ್ತು ಗಾಜುಗಟ್ಟಿ ಎರಡು ಬೇರೆ ಕಸುಬುಗಳ ಗುರುತಲ್ಲ. ಒಂದೇ ವಸ್ತುವಿಗೆ ಎರಡು ಬಗೆಯ ಕಾವು ತಗುಲಿದ್ದರ ಗುರುತು.

ಮುಂದೆ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಸುರಪುರ ಸೀಮೆಯ ಬೂದಿಹಾಳದಲ್ಲಿ ನಡೆಸಿದ ಅಗೆತದಿಂದ ದೊಡ್ಡಿಯ ಪಕ್ಕದಲ್ಲೇ ಜನವಸತಿ ಇತ್ತೆಂಬುದು ಸ್ಪಷ್ಟವಾಯಿತು. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮೊದಲಾದವರ ಅಧ್ಯಯನ ಆ ಜನರ ಬೆಳೆಗಳನ್ನು ಗುರುತಿಸಿತು. ಕೊರಲೆಯಂಥ ಕಿರುಧಾನ್ಯ, ಹುರುಳಿ, ಹೆಸರು ಅವುಗಳಲ್ಲಿ ಮುಖ್ಯ. ಬೆಂಕಿ ಹಾಕಿದ್ದು ಏಕೆಂಬ ಪ್ರಶ್ನೆಗೆ ಮಾತ್ರ ಒಂದೇ ಉತ್ತರವಿಲ್ಲ. ಹೋಳಿ, ಸಂಕ್ರಾಂತಿಯ ಕಿಚ್ಚಿನಂಥ ಋತುಮಾನದ ಆಚರಣೆಯನ್ನು ಆಲ್ಚಿನ್ ಕಂಡರೆ, ದೊಡ್ಡಿಯ ಹೊಲಸು ಕಳೆಯುವ ಅಗತ್ಯವನ್ನು ಪದ್ದಯ್ಯ ಮುಂದಿಟ್ಟರು. ದನ ಕಟ್ಟುವವರ ಮನೆಯಲ್ಲಿ ಹಬ್ಬವನ್ನೂ ಹೊಲಸು ತೆಗೆಯುವುದನ್ನೂ ಬೇರೆ ಮಾಡುವುದು ಕಷ್ಟ. ಈ ಎರಡು ವಿವರಣೆಗಳು ಒಂದನ್ನೊಂದು ಅಳಿಸಬೇಕಿಲ್ಲ.

5. ಬೂದಿನೀರು ಮತ್ತು ಸವುಳು

ಬೂದಿಯಿಂದ ಕ್ಷಾರ ತೆಗೆಯುವ ವಿದ್ಯೆ ಭಾರತಕ್ಕೆ ಹೊಸದಲ್ಲ. ಸುಶ್ರುತ ಸಂಹಿತೆಯ ಕ್ಷಾರಪಾಕ ವಿಧಿ ಅದನ್ನು ಹಂತಹಂತವಾಗಿ ಹೇಳುತ್ತದೆ. ಗಿಡವನ್ನು ಸುಟ್ಟು, ಬೂದಿಯನ್ನು ನೀರಿನಲ್ಲಿ ಕಲಸಿ, 21 ಸಲ ಸೋಸಿ, ತಿಳಿಯನ್ನು ಕಾಯಿಸಿ ಗಟ್ಟಿ ಮಾಡಬೇಕು. ಸುಟ್ಟ ಸುಣ್ಣದ ಕಲ್ಲು, ಶಂಖಗಳ ಪುಡಿ ಸೇರಿಸಿದರೆ ಕ್ಷಾರ ತೀಕ್ಷ್ಣವಾಗುತ್ತದೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಕಾರ್ಬೊನೇಟು ಹೈಡ್ರಾಕ್ಸೈಡ್ ಆಗುತ್ತದೆ. ಇದಕ್ಕೆ ಬಳಸುವ ಗಿಡಗಳಲ್ಲಿ ಒಂದಾದ ಉತ್ತರಾಣಿ ನಮ್ಮ ಹೊಲದ ಬದುಗಳಲ್ಲಿ ತಾನಾಗಿ ಬೆಳೆಯುತ್ತದೆ.

ಇದು ವೈದ್ಯನ ಸಣ್ಣ ಪ್ರಮಾಣದ ಕೆಲಸ. ಊರ ತುಂಬ ಬಟ್ಟೆ ಒಗೆಯುವ ಅಗಸನಿಗೆ ಅಷ್ಟು ಬೂದಿ ಎಲ್ಲಿಂದ ಬರಬೇಕು? ಅವನಿಗೆ ನೆಲವೇ ಕ್ಷಾರ ಕೊಟ್ಟಿತು. ಬೇಸಿಗೆಯಲ್ಲಿ ತಗ್ಗು ಜಾಗಗಳಲ್ಲಿ ಬಿಳಿಪುಡಿಯಾಗಿ ಮೇಲೇಳುವ ಸವುಳು ಅಥವಾ ಚೌಳು ಮಣ್ಣಿನಲ್ಲಿ ಸೋಡಾ ಇರುತ್ತದೆ. ಬಟ್ಟೆಯನ್ನು ಅದರಲ್ಲಿ ನೆನೆಸಿ ಉಬ್ಬೆಗೆ ಹಾಕುವುದು ಅಗಸರ ಹಳೆಯ ರೂಢಿ. ಉಪ್ಪಾರರು ಉಪ್ಪುಮಣ್ಣನ್ನು ನೀರಿನಲ್ಲಿ ಕದಡಿ, ತಿಳಿ ಬಸಿದು, ಇಂಗಿಸಿ ಉಪ್ಪನ್ನೂ ಪೆಟ್ಲುಪ್ಪನ್ನೂ ತೆಗೆದರು. ಕೂರ್ತ್ವಾ ಪಾಚಿಯ ಬೂದಿಯಿಂದ ಮಾಡಲು ಹೊರಟ ಪೆಟ್ಲುಪ್ಪು ಒಳನಾಡಿನಲ್ಲಿ ಒಂದು ಸಮುದಾಯದ ಕುಲಕಸುಬೇ ಆಗಿತ್ತು.

ಗಾಜಿನ ಮಾತಿನಲ್ಲೂ ಇದೇ ವ್ಯತ್ಯಾಸ ಕಾಣುತ್ತದೆ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಪತ್ತೆ ಮಾಡಿದ, ಅಶೋಕನ ಹೆಸರನ್ನೇ ಹೇಳುವ ಶಾಸನದಿಂದ ಮಸ್ಕಿ ಪ್ರಸಿದ್ಧವಾಯಿತು. ಅಲ್ಲಿ ಬಿ. ಕೆ. ಥಾಪರ್ 1954ರಲ್ಲಿ ನಡೆಸಿದ ಅಗೆತ ತಾಮ್ರಶಿಲಾಯುಗದಿಂದ ಮಧ್ಯಕಾಲದವರೆಗಿನ ಪದರಗಳನ್ನು ತೆರೆಯಿತು. ಮಸ್ಕಿಯಲ್ಲಿ ದೊರೆತ ವಸ್ತುಗಳಲ್ಲಿ ಗಾಜಿನ ಮಣಿಗಳೂ ಇವೆ. ಗಿಡದ ಬೂದಿಯಿಂದ ಮಾಡಿದ ಗಾಜಿನಲ್ಲಿ ಮೆಗ್ನೀಷಿಯ ಹೆಚ್ಚು, ಮಣ್ಣಿನ ಸೋಡಾದಿಂದ ಮಾಡಿದ್ದರಲ್ಲಿ ಅದು ಕಡಿಮೆ. ಲೋರ್ ದ್ಯುಸುಬಿಯೊ ಮತ್ತು ಸಂಗಡಿಗರ ಅಧ್ಯಯನಗಳು ದಕ್ಷಿಣ ಏಷ್ಯಾದ ಪ್ರಾಚೀನ ಗಾಜಿನ ದೊಡ್ಡ ಪಾಲು ಮಣ್ಣಿನ ಸೋಡಾ ಬಳಸಿ ಮಾಡಿದ, ಅಲ್ಯುಮಿನ ಹೆಚ್ಚಿರುವ ಗಾಜು ಎಂದು ತೋರಿಸಿವೆ. ಈ ರೂಢಿ ಬಹುಕಾಲ ಉಳಿಯಿತು. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್, ಇಂದಿನ ಚಿತ್ರದುರ್ಗ ಜಿಲ್ಲೆಯ ಮತ್ತೋಡಿನಲ್ಲಿ ಸವುಳಿನ ಸೋಡಾದಿಂದ ಬಳೆಯ ಗಾಜು ಕಾಯಿಸುವುದನ್ನು ದಾಖಲಿಸಿದ್ದಾನೆ.

ಯುರೋಪಿನ ಕರಾವಳಿಯಲ್ಲಿ ಬೂದಿ ಮಾಡಿದ ಕೆಲಸವನ್ನು ಇಲ್ಲಿ ಮಣ್ಣು ಮಾಡಿತು. ಅಪಾರ ಬೂದಿ ಬಿದ್ದಿದ್ದರೂ ಗಾಜಿನವನು ಅದನ್ನು ಬಳಸದೆ ಹೋದದ್ದು ಅಜ್ಞಾನದಿಂದಲ್ಲ. ಬೇಸಿಗೆಯಲ್ಲಿ ಗುಡಿಸಿ ತರಬಹುದಾದ ಸೋಡಾ ಇರುವಾಗ ಸುಟ್ಟು, ಸೋಸಿ, ಕಾಯಿಸುವ ಖರ್ಚು ಅವನಿಗೆ ಬೇಕಿರಲಿಲ್ಲ.

6. ಸಿಂಧನೂರಿನ ಹೊಟ್ಟು

ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರಿನ ಜೋಳದ ಎರೆಹೊಲಗಳು ಭತ್ತದ ಗದ್ದೆಗಳಾದವು. ನೀರು ಹೆಚ್ಚಾಗಿ ನಿಂತಲ್ಲಿ ಸವುಳು ಮೇಲೆದ್ದಿತು. ಹಿಂದೆ ಅಗಸ ಹುಡುಕಿಕೊಂಡು ಹೋಗುತ್ತಿದ್ದ ಬಿಳಿಪುಡಿ ಈಗ ರೈತನ ಶತ್ರು. ಅಚ್ಚುಕಟ್ಟು ಪ್ರದೇಶದ ಸವುಳು ಜವುಳು ಜಮೀನಿನ ಸುಧಾರಣೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದ ಮುಖ್ಯ ಕೆಲಸಗಳಲ್ಲೊಂದು.

ಭತ್ತದ ಜೊತೆ ಗಿರಣಿಗಳು ಬಂದವು, ಗಿರಣಿಗಳ ಜೊತೆ ಹೊಟ್ಟು. ಸುಮಾರು ಲೆಕ್ಕದಲ್ಲಿ 100 ಕಿಲೊ ಭತ್ತದಿಂದ 20 ಕಿಲೊ ಹೊಟ್ಟು ಬರುತ್ತದೆ. ಅದನ್ನು ಬಾಯ್ಲರಿನಲ್ಲಿ ಉರಿಸಿದರೆ 4 ಕಿಲೊ ಬೂದಿ ಉಳಿಯುತ್ತದೆ. ಆ ಬೂದಿಯಲ್ಲಿ ಶೇ. 85ರಿಂದ 95ರಷ್ಟು ಸಿಲಿಕ. ಬೂದಿಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿದರೆ ಸಿಲಿಕ ಕರಗಿ ಸೋಡಿಯಂ ಸಿಲಿಕೇಟ್ ಆಗುತ್ತದೆ. ಅದಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿದರೆ ಶುದ್ಧ ಸಿಲಿಕ ಬಿಳಿಪುಡಿಯಾಗಿ ತಳಕ್ಕೆ ಕೂರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ದಾರಿಯ ತಂತ್ರವೊಂದು ರೂಪುಗೊಂಡಿದೆ. ಹೀಗೆ ತೆಗೆದ ಸಿಲಿಕ ರಬ್ಬರಿಗೂ ಬಣ್ಣಕ್ಕೂ ಬೇಕಾಗುವ ಸರಕು.

ಬೂದಿದಿಬ್ಬದ ಪಾಠ ಇಲ್ಲಿಯೂ ನಡೆಯುತ್ತದೆ. ಹೊಟ್ಟು ಸುಮಾರು 700 ಡಿಗ್ರಿಯ ಒಳಗೆ ಉರಿದರೆ ಸಿಲಿಕ ಹರಳಾಗದೆ ಉಳಿದು ಕ್ಷಾರದಲ್ಲಿ ಸುಲಭವಾಗಿ ಕರಗುತ್ತದೆ, ಸಿಮೆಂಟಿನ ಜೊತೆಗೂ ಬೆರೆಯುತ್ತದೆ. ಕಾವು ಅದಕ್ಕಿಂತ ಬಹಳ ಏರಿದರೆ ಸಿಲಿಕ ಹರಳುಗಟ್ಟಿ ಮೊಂಡಾಗುತ್ತದೆ. ಆ ಹರಳಿನ ಧೂಳು ಉಸಿರಿಗೂ ಕೇಡು.

7. ಸಮಾರೋಪ

ಬೂದಿದಿಬ್ಬಗಳ ಗುಟ್ಟು ತಿಳಿಯಲು ವಿದ್ವಾಂಸರಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಚಿತೆ, ಕುಲುಮೆಗಳನ್ನೆಲ್ಲ ಊಹಿಸಿದವರಿಗೆ ಹುಲ್ಲು ಕಾಣಲಿಲ್ಲ. ಸುತ್ತಲಿನ ರೈತರು ಅಷ್ಟು ಕಾಯಲಿಲ್ಲ. ಬೂದಿ ಹೊಲಕ್ಕೆ ಒಳ್ಳೆಯದೆಂದು ಬಂಡಿಗಟ್ಟಲೆ ಹೇರಿ ಗೊಬ್ಬರಕ್ಕೆ ಚೆಲ್ಲಿದರು. ಸಗಣಿಯ ಬೂದಿಯಲ್ಲಿ ರಂಜಕವೂ ಪೊಟ್ಯಾಶೂ ಇರುವುದರಿಂದ ಅವರ ಲೆಕ್ಕ ತಪ್ಪಲಿಲ್ಲ. ಈ ಸೀಮೆಯಲ್ಲಿ ಬೂದಿಯಿಂದ ಉಪಯುಕ್ತ ರಾಸಾಯನಿಕ ಪಡೆದ ಅತಿ ದೊಡ್ಡ ಉದ್ಯಮ ಎಂದರೆ ಈ ಬಂಡಿಗಳೇ. ಆದರೆ ಅದರಿಂದ ಹಲವು ದಿಬ್ಬಗಳು ಕರಗಿದವು, ಗೊರಸಿನ ಗುರುತಿದ್ದ ಪದರಗಳು ಉಳುಮೆಯ ಸಾಲಿಗೆ ಸೇರಿದವು.

ಉಳಿದ ದಿಬ್ಬಗಳಿಗೆ ಬೇಲಿ ಹಾಕಿಸುವುದು ಒಂದು ಕೆಲಸ. ಹೊಲಕ್ಕೆ ಬೇಕಾದ ಬೂದಿಯನ್ನು ಬೇರೆ ಕಡೆಯಿಂದ ಒದಗಿಸುವುದು ಇನ್ನೊಂದು. ಲಿಂಗಸುಗೂರಿನ ದಿಬ್ಬದಲ್ಲಿರುವುದೂ ಸಿಂಧನೂರಿನ ಗಿರಣಿಯ ಹಿಂದೆ ಗಾಳಿಗೆ ಹಾರುವುದೂ ಹುಲ್ಲು ಕೂಡಿಟ್ಟ ಸಿಲಿಕವೇ. ಮೊದಲನೆಯದು ಇದ್ದ ಜಾಗದಲ್ಲೇ ಇದ್ದರೆ ಅದಕ್ಕೆ ಬೆಲೆ, ಎರಡನೆಯದನ್ನು ಎತ್ತಿ ಬಳಸಿದರೆ ಅದಕ್ಕೆ ಬೆಲೆ. ಇಷ್ಟು ಕಾಲ ನಾವು ನಡೆಸಿಕೊಂಡು ಬಂದದ್ದು ಇದಕ್ಕೆ ತಿರುವುಮುರುವು.