ಸೇಂದಿ ಅಂಗಡಿ ಮುಚ್ಚಿದ ಮೂರನೆಯ ರಾತ್ರಿ

ಹಿಂದಿನ ಸಲ ಕೃಷ್ಣಾ ಮಂಡಲದ ಕನ್ನಡ ಶಾಲೆಗಳ ಬಗ್ಗೆ ಮಾತಾಡಿದ್ದೆವು. ಇವತ್ತು ಅದೇ ಸೀಮೆಯದು, ಆದರೆ ಯಾರೂ ಚರಿತ್ರೆ ಅಂತ ಲೆಕ್ಕಕ್ಕೆ ಹಿಡಿಯದ ವಿಷಯ ತಗೊಂಡೀನಿ.

ನಾರಾಯಣಪೇಟೆ, ಮಕ್ತಲ್, ಕೃಷ್ಣಾ ಇವೆಲ್ಲ 1956ರವರೆಗೆ ರಾಯಚೂರಿನ ಜೊತೆಗೇ ಹೈದರಾಬಾದ್ ರಾಜ್ಯದೊಳಗಿದ್ದ ಊರುಗಳು. ಆ ನವೆಂಬರಿನಲ್ಲಿ ರಾಯಚೂರು ಮೈಸೂರಿಗೆ ಹೋಯಿತು, ನಮ್ಮ ದಂಡೆ ಆಂಧ್ರಕ್ಕೆ. ಗಡಿ ಬಿದ್ದರೂ 'ಸೇಂದಿ' ಅನ್ನೋ ಮಾತು ಎರಡೂ ಕಡೆ ಉಳಿಯಿತು. ಈಚಲ ಮರದ ಹುಳಿ ನೀರು, ಕೂಲಿ ಮುಗಿಸಿ ಬಂದವರ ಸಂಜೆ. ಮರ ಕಡಿಮೆಯಾದಂತೆ, ಕುಡಿಯೋರು ಮಾತ್ರ ಕಡಿಮೆ ಆಗಲಿಲ್ಲ. ನೀರಿಗೆ ಸ್ಯಾಕರಿನ್ ಬಿತ್ತು, ಮತ್ತಿಗೆ ಕ್ಲೋರಲ್ ಹೈಡ್ರೇಟ್ ಬಿತ್ತು. ರಾಯಚೂರಿನ ಪತ್ರಿಕೆಗಳಲ್ಲಿ 'ಸಿ.ಎಚ್. ಪೌಡರ್' ಅಂತ ಓದ್ತೀರಲ್ಲ, ಅದೇ. 1869ರಲ್ಲಿ ಬರ್ಲಿನ್ನಿನ ಲೀಬ್ರೈಖ್ ನಿದ್ದೆಗೆಂದು ಬಳಕೆಗೆ ತಂದ ಔಷಧ. ಆಮೇಲೆ ಅದರ ಜೊತೆಗೆ ಡಯಾಜೆಪಾಂ ಬಂತು, ಅಲ್‌ಪ್ರಾಜೊಲಾಂ ಬಂತು. ಎರಡೂ ಆತಂಕ ತಗ್ಗಿಸಲು ವೈದ್ಯರು ಬರೆದುಕೊಡುವ ಮಾತ್ರೆಗಳು.

2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಸೇಂದಿಯ ಮೇಲೆ ಬಿಗಿ ಮಾಡಿತು. ನಮ್ಮೂರ ಅಂಗಡಿ ಮುಚ್ಚಿದಾಗ ನಮ್ಮ ಸೋದರಮಾವ ಮೊದಲ ದಿನ ಸಿಟ್ಟು ಮಾಡಿಕೊಂಡ. ಎರಡನೆಯ ದಿನ ಕೈ ನಡುಗಿತು, ನಿದ್ದೆ ಇಲ್ಲ. ಮೂರನೆಯ ರಾತ್ರಿ ಗೋಡೆ ಮೇಲೆ ಹುಳ ಹರಿದಾಡ್ತಾವ ಅಂತ ಕೂಗ್ಯಾಡಿ, ಫಿಟ್ಸ್ ಬಂದು ಬಿದ್ದ. ಅತ್ತಿ ಗಾಳಿ ಸೋಕ್ಯಾದ ಅಂತ ದರ್ಗಾಕ್ಕ ಕರ್ಕೊಂಡು ಹೋದಳು. ನಾಕನೆಯ ದಿನ ಯಾರೋ ಎಲ್ಲಿಂದಲೋ ಒಂದು ಸೀಸೆ ತಂದು ಕುಡಿಸಿದರು. ಸ್ವಲ್ಪ ಹೊತ್ತಿನಲ್ಲೇ ನಡುಕ ಇಳಿಯಿತು. ಊರಿನ ತೀರ್ಪು ಅಲ್ಲಿಗೆ ಮುಗಿಯಿತು: ಕುಡುಕ, ಬಿಟ್ಟಿರಲಾರ. ಅವತ್ತು ನಾನೂ ಹಾಗೇ ಅಂದುಕೊಂಡೆ ಅಂತ ಇಲ್ಲಿ ಒಪ್ಪಿಕೊಳ್ಳಬೇಕು.

ಅದೇ ದಿನಗಳಲ್ಲಿ ನಿಜಾಮಾಬಾದ್, ಮೆಹಬೂಬ್‌ನಗರ ಕಡೆಯ ಆಸ್ಪತ್ರೆಗಳಿಗೂ ಇಂಥವರು ಗುಂಪಾಗಿ ಬಂದರು. 2020ರ ಲಾಕ್‌ಡೌನಿನಲ್ಲಿ ಹೈದರಾಬಾದಿನ ಎರ್ರಗಡ್ಡ ಮಾನಸಿಕ ಆಸ್ಪತ್ರೆಯ ಮುಂದೆ ಮತ್ತೆ ಅದೇ ಸಾಲು.

ಇದು ವೈದ್ಯರಿಗೆ ಹೊಸ ಸಂಗತಿ ಏನಲ್ಲ. ಅಮೆರಿಕದ ನಟ್ಲಿಯಲ್ಲಿ ಲಿಯೋ ಸ್ಟರ್ನ್‌ಬಾಕ್ ಕಂಡುಹಿಡಿದ ಲಿಬ್ರಿಯಂ ಮಾರುಕಟ್ಟೆಗೆ ಬಂದದ್ದು 1960ರಲ್ಲಿ, ವ್ಯಾಲಿಯಂ ಅನ್ನೋ ಹೆಸರಿನ ಡಯಾಜೆಪಾಂ 1963ರಲ್ಲಿ. ಇವೆರಡರ ನಡುವೆ, 1961ರಲ್ಲೇ, ಹೋಲಿಸ್ಟರ್ ಮತ್ತು ಜೊತೆಗಾರರು ಹೆಚ್ಚಿನ ಪ್ರಮಾಣದ ಲಿಬ್ರಿಯಂ ಪಡೆಯುತ್ತಿದ್ದ 11 ಜನಕ್ಕೆ ಅದನ್ನು ಥಟ್ಟನೆ ನಿಲ್ಲಿಸಿ ನೋಡಿದರು. 10 ಮಂದಿಗೆ ತೊಂದರೆ ಆಯಿತು, ಇಬ್ಬರಿಗೆ ಫಿಟ್ಸ್, ಅದೂ ಸುಮಾರು ಒಂದು ವಾರದ ಮೇಲೆ. ಲಿಬ್ರಿಯಂ ಮೈಯಿಂದ ನಿಧಾನ ಇಳಿಯುತ್ತದೆ. ಅಲ್‌ಪ್ರಾಜೊಲಾಂ ಬೇಗ ಇಳಿಯುತ್ತದೆ, ಹಾಗಾಗಿ ಮಾವನಿಗೆ ವಾರ ಕಾಯಬೇಕಾಗಲಿಲ್ಲ, ಮೂರೇ ದಿನ ಸಾಕಾಯಿತು. ಮಿದುಳನ್ನು ತಣ್ಣಗಿಡುವ ಗಾಬಾ ಅನ್ನೋ ರಾಸಾಯನಿಕದ ಕೆಲಸಕ್ಕೆ ಈ ಮಾತ್ರೆಗಳು ಒತ್ತಾಸೆ. ವರ್ಷಗಟ್ಟಲೆ ಹೊರಗಿನ ಒತ್ತಾಸೆ ಸಿಕ್ಕರೆ ಮಿದುಳು ತನ್ನ ಪಾಲನ್ನು ಕಡಿಮೆ ಮಾಡಿಕೊಳ್ತದ. ಒಮ್ಮೆಲೇ ಕಿತ್ತರೆ ಮೈ ಹುಚ್ಚೆದ್ದು ಕುಣಿಯುತ್ತದೆ. ಮನಸ್ಸು ಗಟ್ಟಿ ಮಾಡಿಕೋ ಅಂದರೆ ಫಿಟ್ಸ್ ನಿಲ್ಲೋದಿಲ್ರಿ.

ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಹೆದರ್ ಆಷ್ಟನ್ 1982ರಿಂದ 1994ರವರೆಗೆ ಇಂಥ ಮಾತ್ರೆ ಬಿಡಿಸುವ ಕ್ಲಿನಿಕ್ ನಡೆಸಿದರು. ವೈದ್ಯರೇ ಬರೆದುಕೊಟ್ಟ ಮಾತ್ರೆ ನುಂಗಿ ಸಿಕ್ಕಿಬಿದ್ದವರು ಅಲ್ಲಿಗೆ ಬರುತ್ತಿದ್ದರು. ಆಕೆಯ ದಾರಿ ಸರಳ: ಬೇಗ ಇಳಿಯುವ ಮಾತ್ರೆಯಿಂದ ಡಯಾಜೆಪಾಂಗೆ ಬದಲಿಸು, ಆಮೇಲೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸು, ಎಷ್ಟು ಬೇಗ ಅನ್ನೋದನ್ನು ರೋಗಿ ಹೇಳಲಿ. 1988ರಲ್ಲಿ ಬ್ರಿಟನ್ನಿನ ಔಷಧ ಸುರಕ್ಷತಾ ಸಮಿತಿ ಈ ಮಾತ್ರೆಗಳನ್ನು ಎರಡರಿಂದ ನಾಲ್ಕು ವಾರ ಮೀರಿ ಕೊಡಬೇಡಿ ಅಂತ ಸೂಚಿಸಿತು.

ನನ್ನ ವಾದ ಇಲ್ಲಿದೆ. ನ್ಯೂಕಾಸಲ್ಲಿನ ಹೆಣ್ಣುಮಗಳೂ ನಮ್ಮ ಮಾವನೂ ಸಿಕ್ಕಿಬಿದ್ದದ್ದು ಒಂದೇ ಜಾತಿಯ ಔಷಧಕ್ಕೆ. ಆಕೆ 'ರೋಗಿ' ಎಂದು ದಾಖಲಾದಳು, ಈತ 'ಕುಡುಕ' ಎಂದು. ಆಕೆಗೆ ತಾನು ನುಂಗಿದ್ದು ಎಷ್ಟು ಮಿಲಿಗ್ರಾಂ ಅಂತ ಗೊತ್ತಿತ್ತು. ಮಾವ ಕುಡಿದದ್ದರಲ್ಲಿ ಮಾತ್ರೆ ಇತ್ತು ಅನ್ನೋದೇ ಅವನಿಗೆ ತಿಳಿದಿರಲಿಲ್ಲ. ಸೀಸೆ ಸೀಸೆಗೂ ಪ್ರಮಾಣ ಬೇರೆ, ಮನೆಯಲ್ಲಿ ಕೂತು ಅಳತೆಯಲ್ಲಿ ಇಳಿಸೋದಾದರೂ ಹ್ಯಾಂಗ? ಕಾನೂನು ಮಾರುವವನನ್ನು ಹಿಡಿಯಿತು, ಅದು ಸರಿಯೇ. ಆದರೆ ಅಂಗಡಿಗೆ ಬೀಗ ಹಾಕುವ ದಿನವೇ ಊರಲ್ಲಿ ಒಬ್ಬ ಡಾಕ್ಟರು ಕೂಡಬೇಕಾಗಿತ್ತು. ಅಬಕಾರಿ ಮತ್ತು ಆರೋಗ್ಯ ಎರಡು ಬೇರೆ ಇಲಾಖೆ, ಗಡಿಯ ಹಳ್ಳಿಗೆ ಎರಡೂ ದೂರ. ಭಾಷೆಯ ಮಾತೂ ಅದ: ಮಾವ ತೆಲುಗಿನಲ್ಲಿ ವ್ಯಾಪಾರ ಮಾಡ್ತಾನ, ಆದರೆ ಅಂಜಿಕೆ ಹೇಳಿಕೊಳ್ಳೋದು ಕನ್ನಡದಾಗ. 'ಎದಿ ಝಲ್ ಅಂತದ' ಅಂದದ್ದನ್ನು ಹೃದಯದ ಕಾಯಿಲೆ ಅಂತ ಬರೆದುಕೊಂಡ ಚೀಟಿ ನಮ್ಮ ಮನೆಯಲ್ಲಿದೆ.

ಕಡೆಗೆ ರಾಯಚೂರಿನಲ್ಲಿ ಒಬ್ಬ ವೈದ್ಯರು ಅವನ ಮಾತು ಪೂರಾ ಕೇಳಿದರು. ಡಯಾಜೆಪಾಂ ಬರೆದು, ಕಾಲು ಕಾಲು ಮಾತ್ರೆಯಂತೆ ಇಳಿಸುತ್ತ ಎಂಟು ತಿಂಗಳು ತಗೊಂಡರು. ನಡುವೆ ಎರಡು ಸಲ ತಡೆಯಲಾರದೆ ಹಿಂದಿನ ಮೆಟ್ಟಿಲಿಗೆ ಹೋದರು, ಬಯ್ಯಲಿಲ್ಲ. ಅತ್ತಿ ಕ್ಯಾಲೆಂಡರಿನ ಮೇಲೆ ದಿನಾ ಗೀಟು ಹಾಕುತ್ತಿದ್ದಳು. ಈಗಲೂ ಮಾವನಿಗೆ ನಿದ್ದೆ ಅಷ್ಟಕ್ಕಷ್ಟೇ, ಹೊಲಕ್ಕೆ ಮಾತ್ರ ಹೋಗ್ತಾನ.

ಆ ಕ್ಯಾಲೆಂಡರನ್ನು ಸ್ಕ್ಯಾನ್ ಮಾಡಿಟ್ಟೀನಿ. ಮಕ್ತಲ್, ರಾಯಚೂರು ಕಡೆಯವರು ಇಲ್ಲಿ ಸುಮಾರು ಜನ ಇದ್ದೀರಿ. ನಿಮ್ಮ ಮನೆಗಳಲ್ಲಿ 2015ರ ಆಸ್ಪತ್ರೆ ಚೀಟಿಗಳಿದ್ದರೆ, ಹೆಸರು ಮರೆಮಾಡಿ ಪ್ರತಿ ಕೊಡ್ರಿ. ಈಗ ಪ್ರಶ್ನೆಗಳಿದ್ದರೆ ಕೇಳಬಹುದು.